ಊಟ ಆದಮೇಲಿನ ಪೀರಿಯಡ್

ಮಾನ್ಯ ಸಂಪಾದಕರೇ,

ಈಗಿನ ಮಕ್ಕಳಿಗೆ ಪಾಠದ ಕಡೆ ಗಮನವೇ ಇಲ್ಲ, ಮೊಬೈಲ್ ಬಂದು ಕೆಟ್ಟರು ಅಂತ ಓದುಗರ ಪತ್ರಗಳಲ್ಲಿ ಆಗಾಗ ನೋಡುತ್ತೇನೆ. ನಾನು ಟೀಚರ್ ಅಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ 11 ವರ್ಷದಿಂದ ಬಿಸಿಯೂಟ ಮಾಡುತ್ತಿದ್ದೇನೆ. ನಮ್ಮ ಅಡುಗೆಮನೆಗೂ ಏಳನೇ ಕ್ಲಾಸಿಗೂ ನಡುವೆ ನಾಲ್ಕೇ ಹೆಜ್ಜೆ. ಪಾತ್ರೆ ತಿಕ್ಕುತ್ತಾ ಎಲ್ಲಾ ಪಾಠವೂ ಕಿವಿಗೆ ಬೀಳುತ್ತದೆ.

ನನ್ನ ಮಾತು ಊಟ ಆದಮೇಲಿನ ಪೀರಿಯಡ್ ಬಗ್ಗೆ. ಹೊಟ್ಟೆ ತುಂಬ ಅನ್ನ ಸಾಂಬಾರ್. ನಮ್ಮ ಕಡೆ ಬಿಸಿಲು ಗೊತ್ತಲ್ಲ, ಮೇಲೆ ಶೀಟು. ಆ ಹೊತ್ತಿನಲ್ಲಿ ಬೋರ್ಡ್ ತುಂಬ ಪ್ರಶ್ನೋತ್ತರ ಬರೆದು ‘ನೋಡ್ಕೊಂಡು ಬರ್ಕೊಳ್ರಿ’ ಅಂದರೆ ದೊಡ್ಡವರೂ ತೂಕಡಿಸುತ್ತಾರೆ. ಹಿಂದಿನ ಸಾಲಿನವರು ಪುಸ್ತಕದ ಮೇಲೇ ತಲೆ ಇಟ್ಟಿರುತ್ತಾರೆ. ಮೇಷ್ಟ್ರನ್ನು ಬೈಯೋಕೆ ಇದನ್ನು ಬರೆಯುತ್ತಿಲ್ಲ. ಅವತ್ತು ಎಷ್ಟು ಮಕ್ಕಳು ಉಂಡರು ಅನ್ನೋ ಲೆಕ್ಕ ಕಳಿಸೋದೂ ಅವರ ತಲೆಗೇ ಕಟ್ಟಿದೆ.

ಎರಡು ವರ್ಷದ ಹಿಂದೆ ಗಣಿತದ ಮೇಡಂ ಒಬ್ಬರು ಬಂದರು. ಒಂದು ದಿನ ಬೆಳಿಗ್ಗೆ ಆರನೇ ಕ್ಲಾಸಿನವರನ್ನು ಸೀದಾ ಅಡುಗೆಮನೆಗೇ ಕರ್ಕೊಂಡು ಬಂದರು. ನನಗೆ ಗಾಬರಿ, ಒಲೆ ಮೇಲೆ ಬೇಳೆ ಬೇಯುತ್ತಿದೆ! ಐದನೇ ಕ್ಲಾಸಿನವರೆಗೆ ಒಂದು ಮಗುವಿಗೆ 100 ಗ್ರಾಂ ಅಕ್ಕಿ, ಆರರಿಂದ ಎಂಟಕ್ಕೆ 150 ಗ್ರಾಂ. ಅವತ್ತು ಚಿಕ್ಕವರು 41, ದೊಡ್ಡವರು 38. ಎಷ್ಟು ಅಕ್ಕಿ ಹಾಕಬೇಕು ಅಂತ ಕೇಳಿದರು. ಕೂಗಾಟವೋ ಕೂಗಾಟ. ಒಬ್ಬ ಹುಡುಗ 98 ಕೆಜಿ ಅಂದ. ‘ಊರಿಗೆಲ್ಲ ಮದುವೆ ಊಟ ಹಾಕಬಹುದು ಕಣೋ’ ಅಂದೆ. ಕೊನೆಗೆ 9 ಕೆಜಿ 800 ಗ್ರಾಂ ಅಂದವಳು ಒಬ್ಬ ಹುಡುಗಿ. ಶೇಂಗಾ ಕೀಳೋ ಸಮಯದಲ್ಲಿ ವಾರಗಟ್ಟಲೆ ಶಾಲೆ ಕಡೆ ತಲೆ ಹಾಕದವಳು. ತಕ್ಕಡಿಯಲ್ಲಿ ಅವಳ ಕೈಯಲ್ಲೇ ತೂಗಿಸಿದೆವು. ಆಮೇಲೆ ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ‘ಆಂಟಿ, ಇವತ್ತು ಎಷ್ಟು ಜನ?’ ಅಂತ ಕೇಳಿ, ಬಾಯಲ್ಲೇ ಲೆಕ್ಕ ಹಾಕಿ ಹೋಗೋಳು. ನಾನು ಒಂದು ಹಿಡಿ ಜಾಸ್ತಿ ಹಾಕಿದರೂ ಬಿಡುತ್ತಿರಲಿಲ್ಲ.

ಇನ್ನೊಂದು ಸಂಗತಿ. ಅಶೋಕ ಸಿದ್ದಾಪುರ ಅನ್ನೋ ಊರು ನಮಗೆ ದೂರವೇನಲ್ಲ. ಬ್ರಹ್ಮಗಿರಿ ಹತ್ತಿರದ ಅಶೋಕನ ಶಾಸನಕ್ಕೆ ಸಮಾಜದ ಮೇಷ್ಟ್ರು ಮಕ್ಕಳನ್ನು ಕರ್ಕೊಂಡು ಹೋದರು. ಚಿತ್ರಾನ್ನ ಕಟ್ಟಿಕೊಂಡು ನಾನೂ ಹೋಗಿದ್ದೆ. ಇಲ್ಲೇ ಹುಟ್ಟಿ ಬೆಳೆದರೂ ಅದನ್ನು ನೋಡಿದ್ದು ಅವತ್ತೇ ಮೊದಲು, ಹೇಳೋಕೆ ನಾಚಿಕೆ. ತಂದೆ ತಾಯಿ ಮಾತು ಕೇಳಬೇಕು, ಸತ್ಯ ಹೇಳಬೇಕು, ಶಿಷ್ಯರು ಗುರುವಿಗೆ ಗೌರವ ಕೊಡಬೇಕು ಅಂತ ಅದರಲ್ಲಿದೆ ಎಂದು ಮೇಷ್ಟ್ರು ಹೇಳಿದರು. ಬರೆದವನ ಹೆಸರು ಚಪಡ, ಅದೂ ಕೊನೆಯಲ್ಲಿ ಇದೆಯಂತೆ. ‘ಗುರುಗಳು ಏನ್ ಮಾಡಬೇಕು ಅಂತ ಬರೆದಿಲ್ವಾ ಸಾರ್?’ ಅಂದಳು ಒಬ್ಬಳು. ಮೇಷ್ಟ್ರೇ ಮೊದಲು ನಕ್ಕರು.

ಮಾರನೇ ದಿನ ಮಧ್ಯಾಹ್ನ ಪಾತ್ರೆ ತೊಳೆದು ಬಂದರೆ ನಮ್ಮ ಗೋಡೆ ತುಂಬ ಇದ್ದಿಲಿನ ಗೀಟು. ಕೂಡೋ ಗುರುತು, ಸೊನ್ನೆ, ಗುಡಿಸಲಿನ ಮಾಡಿನಂಥದ್ದು. ಗೀಚುತ್ತಿದ್ದವನು ಹಿಂದಿನ ಸಾಲಿನಲ್ಲಿ ತೂಕಡಿಸೋ ಹುಡುಗ. ಹಿಡಿದು ಕೇಳಿದೆ, ‘ಗೋಡೆ ಮೇಲೆ ಯಾಕೋ ಲೆಕ್ಕ?’

‘ಲೆಕ್ಕ ಅಲ್ಲ ಆಂಟಿ, ಬ್ರಾಹ್ಮಿ. ನಿನ್ನೆ ಶಾಸನದಲ್ಲಿ ನೋಡಿದ್ವಲ್ಲ, ಆ ಅಕ್ಷರ. ಇದು ಕ, ಇದು ಠ, ಇದು ಗ.’

ಬೈಯಬೇಕು ಅಂತ ಹೋದವಳು ಅವನಿಂದಲೇ ಇನ್ನೂ ನಾಲ್ಕು ಅಕ್ಷರ ಕಲಿತು ಬಂದೆ.

ಆ ಗಣಿತದ ಮೇಡಂ, ಸಮಾಜದ ಮೇಷ್ಟ್ರು ಇಬ್ಬರಿಗೂ ಈಗ ವರ್ಗವಾಗಿದೆ. ಎರಡು ಗಂಟೆಗೆ ಮತ್ತೆ ಬೋರ್ಡ್, ಮತ್ತೆ ‘ನೋಡ್ಕೊಂಡು ಬರ್ಕೊಳ್ರಿ’. ಶಿಕ್ಷಣ ಇಲಾಖೆಯವರಿಗೆ ನನ್ನದು ದೊಡ್ಡ ಬೇಡಿಕೆ ಅಲ್ಲ. ಊಟ ಆದಮೇಲಿನ ಒಂದು ಪೀರಿಯಡ್‌ನಲ್ಲಿ ನೋಟ್ಸ್ ಬರೆಸೋದು ಬೇಡ. ಎದ್ದು ಓಡಾಡಿ ಮಾಡೋ ಕೆಲಸ ಕೊಡಲಿ. ಊಟದ ಲೆಕ್ಕ ಕಳಿಸೋಕೆ ಬೇರೆ ಯಾರನ್ನಾದರೂ ಹಾಕಲಿ. ವರ್ಷಕ್ಕೆ ಒಂದು ಸಲ ಹತ್ತಿರದ ಜಾಗ ನೋಡಿ ಬರೋಕೆ ಬಸ್ ಚಾರ್ಜ್ ಕೊಡಲಿ, ಅವತ್ತು ಮೇಷ್ಟ್ರು ಸ್ವಂತ ಜೇಬಿನಿಂದ ಹಾಕಿದ್ದರು.

ಗೋಡೆಗೆ ಈ ಸಲ ಸುಣ್ಣ ಹೊಡೆಸಿದರು. ಬಾಗಿಲ ಹಿಂದಿನ ಆ ‘ಕ’ ಮಾತ್ರ ಅಳಿಸೋದು ಬೇಡ ಅಂತ ಹೇಳಿ ಉಳಿಸಿಕೊಂಡಿದ್ದೇನೆ.

ಹೆಸರು ಹಾಕಬೇಡಿ ಸಾರ್.

– ಬಿಸಿಯೂಟದ ಅಡುಗೆಯವಳು, ಮೊಳಕಾಲ್ಮೂರು ತಾಲ್ಲೂಕು, ಚಿತ್ರದುರ್ಗ ಜಿಲ್ಲೆ