ಕೈಯಲ್ಲಿ ಮಾಡಿದ ಲ್ಯಾಂಪಲ್ಲೂ ಹರಿಯೋದು 230 ವೋಲ್ಟೇ ಸರ್: ಕೇಂದ್ರ ಗ್ರಾಹಕ ವ್ಯವಹಾರ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಪ್ರಲ್ಹಾದ ಜೋಶಿ ಸರ್ ಅವರಿಗೆ ನಮಸ್ಕಾರ,

ನಾನು ವೈರಿಂಗ್ ಕೆಲಸದವನು, ಈಗ ಕೆಲವು ವರ್ಷದಿಂದ ಮನೇಲೇ ಟೇಬಲ್ ಲ್ಯಾಂಪ್, ಹ್ಯಾಂಗಿಂಗ್ ಲ್ಯಾಂಪ್ ಮಾಡಿ ಮೇಳಗಳಲ್ಲಿ ಮಾರ್ತೀನಿ. ಸಾಮಾನುಗಳ ಗುಣಮಟ್ಟ ನೋಡಿ ಐಎಸ್‌ಐ ಮಾರ್ಕ್ ಕೊಡೋ ಸಂಸ್ಥೆ ಬಿಐಎಸ್ ನಿಮ್ಮ ಇಲಾಖೆ ಕೆಳಗೆ ಬರುತ್ತೆ, ಜೊತೆಗೆ ನೀವು ಧಾರವಾಡದ ಎಂಪಿ, ಹಾಗಾಗಿ ಕನ್ನಡದಲ್ಲಿ ಬರೆದ್ರೂ ನೀವೇ ಓದ್ತೀರ ಅಂತ ನಂಬಿ ಬರೀತಿದೀನಿ.

ಯಾವ್ದೇ ಕರಕುಶಲ ಮೇಳಕ್ಕೆ ಹೋಗಿ ನೋಡಿ ಸರ್, ಚನ್ನಪಟ್ಟಣದ ಅರಗಿನ ಬಣ್ಣದ ಲ್ಯಾಂಪ್, ತೆಂಗಿನ ಚಿಪ್ಪಿನ ಲ್ಯಾಂಪ್, ಖಾಲಿ ಬಾಟಲಿಗೆ ತೂತು ಹೊಡೆದು ಮಾಡಿದ್ದು, ಹಿತ್ತಾಳೆದು, ಎಷ್ಟ್ ಚೆಂದ ಇರ್ತವೆ. ಗಿರಾಕಿ ಹೊರಗಡೆ ಫಿನಿಶಿಂಗ್ ನೋಡ್ತಾರೆ, ರೇಟಲ್ಲಿ ಚೌಕಾಸಿ ಮಾಡ್ತಾರೆ, ತಗೊಂಡು ಹೋಗ್ತಾರೆ. ಅದನ್ನ ತಿರುಗಿಸಿ ಹಿಡಿದು ಒಳಗಿನ ವೈರ್ ನೋಡೋರು ತುಂಬಾ ಕಮ್ಮಿ. ನಾನು ಮಾತ್ರ ಪಕ್ಕದ ಸ್ಟಾಲ್ ಲ್ಯಾಂಪ್‌ಗಳನ್ನೂ ತಿರುಗಿಸಿ ನೋಡ್ತೀನಿ, ಚಟ ಅದು. ಐಎಸ್‌ಐ ಮಾರ್ಕ್ ಇಲ್ಲದ ತೆಳು ವೈರ್, ಬಾಟಲಿ ತೂತಿನ ಚೂಪು ಅಂಚಿಗೆ ವೈರ್ ಕೊಯ್ಯದಂಗೆ ಹಾಕೋ ರಬ್ಬರ್ ಬಳೆ (ಗ್ರಾಮೆಟ್) ಇಲ್ಲ, ವೈರ್ ಎಳೆದ್ರೆ ಜೋರು ನೇರ ಹೋಲ್ಡರ್ ಸ್ಕ್ರೂ ಮೇಲೇ ಬೀಳುತ್ತೆ. ಹಿತ್ತಾಳೆ ಬಾಡಿ, ಪಕ್ಕಾ ಲೋಹ, ಆದ್ರೂ ಎರಡು ಪಿನ್ ಪ್ಲಗ್ಗು, ಅರ್ಥಿಂಗೇ ಇಲ್ಲ.

ಇನ್ನೊಂದು ವಿಷ್ಯ ಇದೆ, ಸ್ವಲ್ಪ ಉದ್ದ ಆಗುತ್ತೆ ಆದ್ರೂ ಹೇಳ್ತೀನಿ. ಬಲ್ಬನ್ನ ತಿರುಗಿಸಿ ಕೂರಿಸೋ, ಒಳಗೆ ಥ್ರೆಡ್ ಇರೋ ಇ27 ಹೋಲ್ಡರ್ ಇದ್ಯಲ್ಲ, ಅದ್ರಲ್ಲಿ ಫೇಸ್, ಅಂದ್ರೆ ಕರೆಂಟ್ ಬರೋ ವೈರ್, ಮಧ್ಯದ ಪಾಯಿಂಟಿಗೆ ಬರ್ಬೇಕು, ನ್ಯೂಟ್ರಲ್ ಥ್ರೆಡ್ಡಿಗೆ ಬರ್ಬೇಕು. ನಾವು ಎಷ್ಟೇ ಕರೆಕ್ಟಾಗಿ ಜೋಡಿಸಿದ್ರೂ ಎರಡು ಪಿನ್ ಪ್ಲಗ್ಗನ್ನ ಮನೇಲಿ ಯಾರೋ ಉಲ್ಟಾ ಚುಚ್ಚಿದ್ರೆ ಥ್ರೆಡ್ಡಿಗೆ ಫೇಸ್ ಬಂತು, ವೈರ್ ಮಧ್ಯದ ಸ್ವಿಚ್ಚು ನ್ಯೂಟ್ರಲ್ ಕಟ್ ಮಾಡೋ ಹಾಗಾಯ್ತು. ಆ ಸ್ವಿಚ್ ಆಫ್ ಮಾಡಿದೀನಿ ಅಂದ್ಕೊಂಡು ಬಲ್ಬ್ ಬದಲಾಯಿಸೋಕೆ ಕೈ ಹಾಕಿದ್ರೆ ಶಾಕು. ಚೆನ್ನಾಗಿ ಉಳಿ ಹಿಡಿಯೋಕೆ ಬರೋ ಕುಶಲಕರ್ಮಿಗೆ ಇದನ್ನ ಯಾರೂ ಕಲಿಸಿರಲ್ಲ, ಅದು ಅವರ ತಪ್ಪಲ್ಲ. ಅರಗು ಬೇರೆ, ಬಿಸಿಗೆ ಮೆತ್ತಗಾಗುತ್ತೆ. 9 ವ್ಯಾಟ್ ಎಲ್‌ಇಡಿ ಹಾಕೋ ಜಾಗಕ್ಕೆ ಗಿರಾಕಿ ಹಳೇ 60 ವ್ಯಾಟ್ ಬಲ್ಬ್ ಹಾಕಿದ್ರೆ ಏನಾಗುತ್ತೆ ಅಂತ ಲೇಬಲ್ ಅಂಟಿಸೋರು ಎಷ್ಟ್ ಜನ?

ಈಗ ಕಾನೂನು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಬೇರೆಯವರು ಮಾಡಿದ ಬಿಡಿಭಾಗ ತಂದು ಜೋಡಿಸಿದವನೂ ತಯಾರಕನೇ. ಅಂದ್ರೆ ಹೋಲ್ಡರ್ ಯಾರದ್ದೋ, ವೈರ್ ಯಾರದ್ದೋ ಆದ್ರೂ ನನ್ನ ಲ್ಯಾಂಪಿನ ದೋಷದಿಂದ ಯಾರಿಗಾದ್ರೂ ಏಟಾದ್ರೆ ಪರಿಹಾರದ ಕೇಸು ನನ್ನ ಮೇಲೂ ಬರುತ್ತೆ. ಬಳಸೋದು ಹೇಗೆ, ಏನು ಮಾಡಬಾರದು ಅಂತ ಸರಿಯಾಗಿ ತಿಳಿಸದೇ ಇದ್ರೂ ಹೊಣೆ ನಂದೇ. ನ್ಯಾಯವೇ ಬಿಡಿ, ಗಿರಾಕಿ ಜೀವ ಅಲ್ವಾ. ಆದ್ರೆ ಮೇಳದ ಸ್ಟಾಲಿನವರನ್ನ ಕೇಳಿ ನೋಡಿ, ಇಂಥ ಕಾಯ್ದೆ ಇದೆ ಅಂತ್ಲೇ ಗೊತ್ತಿರಲ್ಲ.

ಇನ್ನು ಬಿಐಎಸ್ ದಾರಿ. ಎಲ್‌ಇಡಿ ಬಲ್ಬು, ಅದಕ್ಕೆ ಕರೆಂಟ್ ಹೊಂದಿಸಿ ಕೊಡೋ ಡ್ರೈವರ್, ಫಿಕ್ಸ್ ಮಾಡೋ ಎಲ್‌ಇಡಿ ಲೈಟು, ಲೈಟಿಂಗ್ ಚೈನು (ಸೀರಿಯಲ್ ಲೈಟಿನ ಸರ) ಇವೆಲ್ಲ ಕಡ್ಡಾಯ ರಿಜಿಸ್ಟ್ರೇಷನ್ ಪಟ್ಟೀಲಿವೆ. ಪಟ್ಟಿ ಹೊರಡಿಸೋದು ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ ಅಂತ ಗೊತ್ತು, ಆದ್ರೆ ನಡೆಸೋದು ಬಿಐಎಸ್ಸೇ. ಆ ಪದ್ಧತಿ ಒಂದೇ ಮಾಡೆಲ್ ಸಾವಿರಾರು ಪೀಸ್ ತೆಗೆಯೋ ಫ್ಯಾಕ್ಟರಿಗೆ ಸರಿ, ಸ್ಯಾಂಪಲ್ ಲ್ಯಾಬಿಗೆ ಕೊಟ್ಟು ರಿಪೋರ್ಟ್ ತಗೋತಾರೆ. ನಮ್ದು ಒಂದೊಂದು ಪೀಸೂ ಬೇರೆ, ಯಾವುದನ್ನ ಸ್ಯಾಂಪಲ್ ಅಂತ ಕೊಡೋದು?

ಹಾಗಂತ ವಿನಾಯಿತಿ ಕೊಡಿ ಅಂತ ನಾನು ಕೇಳ್ತಿಲ್ಲ. ಆಟಿಕೆಗಳ ಗುಣಮಟ್ಟ ಆದೇಶ 2021ರ ಜನವರಿ 1ಕ್ಕೆ ಜಾರಿಗೆ ಬಂದಾಗ ನೋಂದಣಿ ಇರೋ ಕುಶಲಕರ್ಮಿಗಳಿಗೆ, ಜಿಐ ಟ್ಯಾಗ್ (ಊರಿನ ಹೆಸರಿನ ವಿಶೇಷ ಗುರುತು) ಬಳಸೋಕೆ ನೋಂದಣಿ ಆದವರಿಗೆ ವಿನಾಯಿತಿ ಕೊಟ್ರು, ಚನ್ನಪಟ್ಟಣ ಉಳೀತು, ಒಳ್ಳೇದೇ ಆಯ್ತು. ಮರದ ಬುಗುರಿಗೆ ಅದು ಸರಿ ಸರ್, ಗೋಡೆ ಸಾಕೆಟ್ಟಿಗೆ ಚುಚ್ಚೋ ಸಾಮಾನಿಗೆ ಅದೇ ರಿಯಾಯಿತಿ ಬೇಕು ಅಂತ ನಮ್ಮವರೇ ಕೆಲವರು ಕೇಳ್ತಾರೆ, ನಾನು ಒಪ್ಪಲ್ಲ. ಬೈದ್ರೆ ಬೈಕೊಳ್ಳಲಿ.

ನಮಗೆ ಬೇಕಿರೋದು ಕೈಗೆಟುಕೋ ಟೆಸ್ಟಿಂಗು. ಜಿಲ್ಲೆಗಳಲ್ಲಿ ಸರ್ಕಾರಿ ಐಟಿಐ, ಪಾಲಿಟೆಕ್ನಿಕ್ ಇವೆ. ಮೆಗ್ಗರ್ ಅನ್ನೋ ಮೀಟರ್ ಹಾಕಿ 500 ವೋಲ್ಟಲ್ಲಿ ಇನ್ಸುಲೇಷನ್ ನೋಡೋದು, ಅರ್ಥ್ ವೈರ್ ಎಲ್ಲೂ ಕಟ್ ಆಗದೆ ಬಾಡಿವರೆಗೂ ಇದ್ಯಾ ಅಂತ ನೋಡೋದು, ವೈರ್ ಎಳೆದು ನೋಡೋದು, ಇದಕ್ಕೆಲ್ಲ ಒಂದು ಲ್ಯಾಂಪಿಗೆ ಸ್ವಲ್ಪ ಹೊತ್ತು ಸಾಕು. ರಾಜ್ಯ ಸರ್ಕಾರದ ಜೊತೆ ಮಾತಾಡಿ ಸಣ್ಣ ಫೀಸಿಗೆ ಇದನ್ನ ಮಾಡಿಸಿ, ಪಾಸಾದ ಪೀಸಿಗೆ ನಂಬರ್ ಇರೋ ಸ್ಟಿಕ್ಕರ್ ಕೊಡಿಸಿ, ಮೇಳ ನಡೆಸೋರು ಸ್ಟಿಕ್ಕರ್ ಇಲ್ದೆ ಸ್ಟಾಲ್ ಕೊಡದಂಗೆ ಮಾಡಿ. ರಿಜಿಸ್ಟ್ರೇಷನ್ ನಂಬರ್ ಇರೋ 12 ವೋಲ್ಟ್ ಅಡಾಪ್ಟರ್ ಕೊಂಡು, ಲ್ಯಾಂಪಿನೊಳಗೆ ಬರೀ 12 ವೋಲ್ಟ್ ಓಡಿಸೋರಿಗೆ ಇನ್ನೂ ಸರಳ ದಾರಿ ಇರ್ಲಿ, ಅವರ ಲ್ಯಾಂಪಲ್ಲಿ ಶಾಕಿನ ಭಯ ತುಂಬಾ ಕಮ್ಮಿ. ಐಎಸ್‌ಐ ಲೈಸೆನ್ಸ್ ನಂಬರ್ ನಿಜಾನಾ ಅಂತ ಬಿಐಎಸ್ ಕೇರ್ ಆ್ಯಪಲ್ಲಿ ನೋಡ್ಬಹುದು, ಆ ಆ್ಯಪ್ ಬಗ್ಗೆನೂ ಮೇಳಗಳಲ್ಲಿ ಹೇಳಿಸಿ.

ಜೊತೆಗೆ ಒಂದೇ ಒಂದು ಪುಟ ಕನ್ನಡದಲ್ಲಿ ಬೇಕು: ಖಾಲಿ ಹೋಲ್ಡರ್ ಇರೋ ಲ್ಯಾಂಪಿಗೆ ಯಾವ ನಿಯಮ, ಎಲ್‌ಇಡಿ ಕೂರಿಸಿದ್ದಕ್ಕೆ ಯಾವ್ದು, ಗೋಡೆಗೆ ಹಾಕೋದಕ್ಕೆ ಯಾವ್ದು, ಲೇಬಲ್ ಮೇಲೆ ಏನೇನು ಬರೀಬೇಕು. ನನಗೆ ಬರೋ ಉತ್ತರ ಇಂಗ್ಲಿಷಲ್ಲಿದ್ರೂ ನಡಿಯುತ್ತೆ, ಆ ಪುಟ ಮಾತ್ರ ಕನ್ನಡದಲ್ಲೇ ಬರ್ಲಿ. ದೀಪಾವಳಿ ಮೇಳಗಳಿಗೆ ಮುಂಚೆನೇ ಬಂದ್ರೆ ನಾನೇ ಜೆರಾಕ್ಸ್ ಮಾಡಿಸಿ ಸ್ಟಾಲ್ ಸ್ಟಾಲಿಗೂ ಹಂಚ್ತೀನಿ.

ಇಂತಿ,
ಲ್ಯಾಂಪ್ ಮಾಡಿ ಮಾರೋ ಒಬ್ಬ ವೈರ್‌ಮನ್