ಟಿವಿ ಸೆಟ್‌ಗೆ ತೆರಿಗೆ ಇಳಿಸಿದರು, ಟಿವಿ ನೋಡೋದಕ್ಕೆ ಯಾಕಿಲ್ಲ?

ಮಾನ್ಯ ಸಂಪಾದಕರೇ,

ಕೇಬಲ್‌ನವರು ಬಾಯಿಗೆ ಬಂದಷ್ಟು ದುಡ್ಡು ಕೇಳುತ್ತಾರೆ ಎಂದು ಓದುಗರೊಬ್ಬರು ನಿಮ್ಮ ಪತ್ರಿಕೆಗೆ ಬರೆದಿದ್ದರು. ಅವರ ಸಿಟ್ಟು ನ್ಯಾಯವೇ. ಆದರೆ ಆ ದುಡ್ಡಲ್ಲಿ ಒಂದು ಪಾಲು ಕೇಬಲ್‌ನವರದ್ದಲ್ಲ, ಸರ್ಕಾರದ್ದು. ನಾನು ಸಣ್ಣಪುಟ್ಟ ಅಂಗಡಿಗಳ ಲೆಕ್ಕ ಬರೆದು ಜಿಎಸ್‌ಟಿ ರಿಟರ್ನ್ ಹಾಕಿಕೊಡುವವನು. ಹಾಗಾಗಿ ಆ ಪಾಲಿನ ಬಗ್ಗೆ ನಾಲ್ಕು ಮಾತು ಬರೆಯೋಣ ಅನ್ನಿಸಿತು.

ಮೊದಲು ಲೆಕ್ಕ. ಯಾವ ಪೇ ಚಾನೆಲ್ಲೂ ಬೇಡ, ಸುಮ್ನೆ ಕನೆಕ್ಷನ್ ಇದ್ದರೆ ಸಾಕು ಅಂದರೂ ಕೊಡಲೇಬೇಕಾದ ಶುಲ್ಕ ಒಂದಿದೆ, ನೆಟ್‌ವರ್ಕ್ ಕೆಪಾಸಿಟಿ ಫೀ. 2019ರ ಫೆಬ್ರುವರಿಯಲ್ಲಿ ಟ್ರಾಯ್ (ಟೆಲಿಕಾಂ, ಟಿವಿ ಪ್ರಸಾರದ ಮೇಲೆ ಕಣ್ಣಿಡುವ ಸರ್ಕಾರಿ ಪ್ರಾಧಿಕಾರ) ಹೊಸ ದರ ಪದ್ಧತಿ ತಂದಾಗ ಇದಕ್ಕೆ 130 ರೂಪಾಯಿ ಮಿತಿ ಇತ್ತು. 2024ರಲ್ಲಿ ಆ ಮಿತಿಯನ್ನೂ ತೆಗೆದರು, ಆದರೆ ನಮ್ಮ ಕಡೆ ಈಗಲೂ 130ರ ಲೆಕ್ಕವೇ ಓಡುತ್ತಿದೆ. 130ಕ್ಕೆ ಶೇ 18 ಜಿಎಸ್‌ಟಿ ಅಂದರೆ 23 ರೂಪಾಯಿ 40 ಪೈಸೆ. ಒಟ್ಟು 153.40. ಧಾರಾವಾಹಿ, ಸಿನಿಮಾ, ಕ್ರಿಕೆಟ್ ಬೇಕು ಅಂದರೆ ಅದರ ಮೇಲೆ ಪೇ ಚಾನೆಲ್ ಪ್ಯಾಕ್. 70 ರೂಪಾಯಿಯದ್ದು ಹಾಕಿಸಿದಿರಿ ಅಂದುಕೊಳ್ಳಿ, 200 ಆಯಿತು, ತೆರಿಗೆ 36, ಒಟ್ಟು 236. ವರ್ಷಕ್ಕೆ ತೆರಿಗೆಯೇ 432 ರೂಪಾಯಿ. ಚಾನೆಲ್‌ನವರು "ತಿಂಗಳಿಗೆ ಇಷ್ಟೇ" ಅಂತ ಸ್ಕ್ರೀನ್ ಮೇಲೆ ತೋರಿಸುವ ದರ ಇದೆಯಲ್ಲ, ಅದು ತೆರಿಗೆ ಬಿಟ್ಟು.

ಈ 36 ರೂಪಾಯಿ ಮನೆಯವರ ಕಣ್ಣಿಗೆ ಬೀಳುವುದೇ ಇಲ್ಲ. ನಮ್ಮ ಬೀದಿಗೆ ತಿಂಗಳ ಮೊದಲ ವಾರ ವಸೂಲಿ ಹುಡುಗ ಬರುತ್ತಾನೆ. ಮನೆಗೊಂದು ಹಳದಿ ಕಾರ್ಡು, ಅದರಲ್ಲಿ ತಿಂಗಳಿಗೊಂದು ಚೌಕ. 250 ಇಸ್ಕೊಂಡು ಚೌಕದಲ್ಲಿ ಒಂದು ಗೀಚು ಗೀಚಿ ಮುಂದಿನ ಮನೆಗೆ ಹೋಗುತ್ತಾನೆ. ಕಾರ್ಡಿನಲ್ಲಿ ಜಿಎಸ್‌ಟಿ ನಂಬರ್ ಇಲ್ಲ, ಶುಲ್ಕ ಎಷ್ಟು ತೆರಿಗೆ ಎಷ್ಟು ಅನ್ನೋದೂ ಇಲ್ಲ. ಬಿಲ್ ಕೊಡಪ್ಪಾ ಅಂದರೆ "ಬಿಲ್ ಯಾಕೆ ಸಾರ್, ನಂಬಿಕೆ ಇಲ್ವಾ?" ಅಂತಾನೆ. ನಂಬಿಕೆ ಇದೆ, ಮಳೆಗಾಳಿಗೆ ವೈರ್ ಕಿತ್ತುಹೋದಾಗ ಕಂಬ ಹತ್ತುವವನು ಅವನೇ. ಆದರೆ "ಟ್ಯಾಕ್ಸ್ ಸೇರಿ ಸಾರ್" ಅಂತ ಹೇಳಿ ದುಡ್ಡು ತಗೊಂಡ ಮೇಲೆ ಆ ಟ್ಯಾಕ್ಸ್ ಎಲ್ಲಿಗೆ ಹೋಯಿತು ಅಂತ ಕೇಳೋದು ತಪ್ಪಲ್ಲ, ಅಲ್ವಾ? ಸೇವೆ ಕೊಡುವವರ ವಹಿವಾಟು ವರ್ಷಕ್ಕೆ 20 ಲಕ್ಷದೊಳಗಿದ್ದರೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಸರಿ. ಆದರೆ ನೋಂದಣಿ ಇಲ್ಲದವರು ತೆರಿಗೆ ಅಂತ ಬೇರೆ ವಸೂಲಿ ಮಾಡುವ ಹಾಗೂ ಇಲ್ಲ. "ನಾವು ಮೇಲಿನ ದೊಡ್ಡ ಆಪರೇಟರ್ ಪರವಾಗಿ ತಗೊಳ್ತಿದ್ದೀವಿ" ಅಂತ ಕೇಬಲ್‌ನವರು ಅಂದರೆ ಆ ಆಪರೇಟರ್ ಹೆಸರಿನ, ಅವರ ನಂಬರಿನ ಬಿಲ್ ಬರಬೇಕು. ಎರಡರಲ್ಲಿ ಒಂದಾದರೂ ಆಗಬೇಕು. ಈಗ ಆಗುತ್ತಿರುವುದು ಎರಡೂ ಅಲ್ಲ.

ಈ ತೆರಿಗೆ ಜಿಎಸ್‌ಟಿಯಿಂದ ಹುಟ್ಟಿದ್ದು ಅಂತ ಬಹಳ ಜನ ತಿಳಿದಿದ್ದಾರೆ. ಅದಕ್ಕಿಂತ ಹಳೆಯದು. 1994ರಲ್ಲಿ ಮನಮೋಹನ್ ಸಿಂಗ್ ಹಣಕಾಸು ಸಚಿವರಾಗಿದ್ದಾಗ ಸೇವಾ ತೆರಿಗೆ ಶುರುವಾಯಿತು. ಆಗ ಇದ್ದದ್ದು ಟೆಲಿಫೋನ್, ಸಾಮಾನ್ಯ ವಿಮೆ, ಷೇರು ದಲ್ಲಾಳಿ ಈ ಮೂರಕ್ಕೆ ಮಾತ್ರ, ಅದೂ ಶೇ 5. ರೇಡಿಯೋ, ಟಿವಿ ಪ್ರಸಾರ ಇದರೊಳಗೆ ಬಂದದ್ದು 2001ರ ಜುಲೈ 16ಕ್ಕೆ. ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾದದ್ದು ನಮ್ಮ ಬೆಂಗಳೂರಿನಲ್ಲಿ, ಅದೇ ಜುಲೈ 3ಕ್ಕೆ. ಎರಡು ವಾರ ಕೂಡ ಬಿಡಲಿಲ್ಲ ನೋಡಿ! ಮುಂದಿನ ವರ್ಷ ಆಗಸ್ಟ್‌ನಲ್ಲಿ ಕೇಬಲ್ ಆಪರೇಟರ್‌ಗಳು ಸೇರಿದರು, 2005ರಲ್ಲಿ ಮನೆ ಮೇಲಿನ ಡಿಶ್‌ಗೆ ನೇರ ಬರುವ ಡಿಟಿಎಚ್. ದರವೂ ಮೇಲೇರುತ್ತಾ ಹೋಯಿತು. 2003ರಲ್ಲಿ 8, 2004ರಲ್ಲಿ 10, 2006ರಲ್ಲಿ 12, ನಡುವೆ 2009ರಲ್ಲಿ ಒಮ್ಮೆ 10ಕ್ಕೆ ಇಳಿದು ಮತ್ತೆ 12, ಆಮೇಲೆ 14, ಅದಕ್ಕೆ ಸ್ವಚ್ಛ ಭಾರತ್ ಸೆಸ್ ಶೇ ಅರ್ಧ, ಕೃಷಿ ಕಲ್ಯಾಣ್ ಸೆಸ್ ಶೇ ಅರ್ಧ ಸೇರಿ 15. ಜಿಎಸ್‌ಟಿ ಬಂದ 2017ರ ಜುಲೈಯಿಂದ 18. ಅದಕ್ಕೂ ಮುಂಚೆ ರಾಜ್ಯಗಳ ಮನರಂಜನಾ ತೆರಿಗೆ ಬೇರೆ ಇತ್ತು, ಅದು ಹೋಯಿತು, ಇದನ್ನು ಹೇಳದಿದ್ದರೆ ನಾನು ಸುಳ್ಳು ಲೆಕ್ಕ ಕೊಟ್ಟಂತೆ.

ಹೋಯಿತು ಅಂದೆ, ಪೂರ್ತಿ ಹೋಗಿಲ್ಲ. ಪಂಚಾಯಿತಿ, ನಗರಸಭೆಗಳು ಮನರಂಜನಾ ತೆರಿಗೆ ಹಾಕುವ ಅವಕಾಶ ಸಂವಿಧಾನದಲ್ಲಿ ಇನ್ನೂ ಇದೆ. ತಮಿಳುನಾಡಿನಲ್ಲಿ ಸಿನಿಮಾ ಟಿಕೆಟ್ ಮೇಲೆ ಅದನ್ನು ಹಾಕುತ್ತಲೂ ಇದ್ದಾರೆ. 2025ರ ಮೇ ತಿಂಗಳಲ್ಲಿ ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಜಿಎಸ್‌ಟಿಗೂ ಮುಂಚಿನ ಹಳೆಯ ಜಗಳವೊಂದನ್ನು ಬಗೆಹರಿಸಿತು. ಕೇಬಲ್, ಡಿಟಿಎಚ್ ಕಂಪನಿಗಳ ವಾದ ಇಷ್ಟೇ: ಕೇಂದ್ರ ಸೇವಾ ತೆರಿಗೆ ತಗೊಂಡ ಮೇಲೆ ರಾಜ್ಯ ಮತ್ತೊಂದು ತೆರಿಗೆ ಹೇಗೆ ಕೇಳುತ್ತದೆ? ಕೋರ್ಟ್ ಒಪ್ಪಲಿಲ್ಲ. ಪ್ರಸಾರ ಮಾಡುವುದು ಸೇವೆ, ಅದಕ್ಕೆ ಕೇಂದ್ರ ತೆರಿಗೆ ಹಾಕಬಹುದು. ಅದರಿಂದ ಮನೆಗೆ ಬರುವುದು ಮನರಂಜನೆ, ಅದಕ್ಕೆ ರಾಜ್ಯ ಹಾಕಬಹುದು, ಎರಡೂ ಬೇರೆ ಬೇರೆ ಎಂದಿತು. ಕಾನೂನಿನ ಪ್ರಕಾರ ಸರಿಯೇ ಇರಬಹುದು. ಸೋಫಾ ಮೇಲೆ ಕೂತು ನೋಡುವವನಿಗೆ ಮಾತ್ರ ಧಾರಾವಾಹಿ ಒಂದೇ, ಜೇಬೂ ಒಂದೇ.

ರೇಡಿಯೋ ಕಥೆ ಬೇರೆ. ಎಫ್‌ಎಂ ಕೇಳೋದಕ್ಕೆ ದುಡ್ಡಿಲ್ಲ, ಹಾಗಾಗಿ ಕೇಳುಗನಿಗೆ ತೆರಿಗೆಯೂ ಇಲ್ಲ. ಅಲ್ಲಿ ತೆರಿಗೆ ಬೀಳುವುದು ಜಾಹೀರಾತಿನ ಮೇಲೆ. ನಾನು ಲೆಕ್ಕ ಬರೆಯುವ ಒಂದು ಬೇಕರಿಯವರು ದೀಪಾವಳಿಗೆ ರೇಡಿಯೋದಲ್ಲಿ ಹತ್ತು ಸಾವಿರದ ಜಾಹೀರಾತು ಕೊಟ್ಟರು. ಬಿಲ್ ಬಂತು, 11,800. ದೊಡ್ಡ ಕಂಪನಿಯಾದರೆ ಆ 1,800ನ್ನು ಇನ್‌ಪುಟ್ ಕ್ರೆಡಿಟ್ ಅಂತ ತಾನು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುತ್ತದೆ, ಅದಕ್ಕೆ ನಯಾಪೈಸೆ ನಷ್ಟವಿಲ್ಲ. ಬೇಕರಿಯವರು ಕಾಂಪೋಸಿಷನ್ ಸ್ಕೀಮ್‌ನಲ್ಲಿದ್ದಾರೆ, ಅಂದರೆ ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ಪದ್ಧತಿ, ಅವರಿಗೆ ಕ್ರೆಡಿಟ್ ಇಲ್ಲ. 1,800 ಕೈಯಿಂದಲೇ ಹೋಯಿತು. ಅದೇ ಹತ್ತು ಸಾವಿರದ ಜಾಹೀರಾತನ್ನು ಪೇಪರಿಗೆ ಕೊಟ್ಟಿದ್ದರೆ ತೆರಿಗೆ 500 ಆಗುತ್ತಿತ್ತು. ಪತ್ರಿಕೆಯಲ್ಲಿ ಜಾಹೀರಾತಿನ ಜಾಗಕ್ಕೆ ಜಿಎಸ್‌ಟಿ ಶೇ 5, ರೇಡಿಯೋ ಟಿವಿಯ ಸಮಯಕ್ಕೆ ಶೇ 18. ಸೇವಾ ತೆರಿಗೆ ಕಾಲದಲ್ಲಂತೂ ಪತ್ರಿಕೆಯ ಜಾಗಕ್ಕೆ ಪೂರ್ತಿ ವಿನಾಯಿತಿ ಇತ್ತು, ಪತ್ರಿಕೆಯ ಮಾರಾಟಕ್ಕೆ ಈಗಲೂ ತೆರಿಗೆಯಿಲ್ಲ. ಸಂಪಾದಕರೇ, ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮದನ್ನು ಜಾಸ್ತಿ ಮಾಡಿ ಅಂತ ನಾನು ಹೇಳುತ್ತಿಲ್ಲ. ಸುದ್ದಿ ಕಾಗದದಲ್ಲಿ ಬಂದರೆ ಒಂದು ನ್ಯಾಯ, ಗಾಳಿಯಲ್ಲಿ ಬಂದರೆ ಇನ್ನೊಂದು ಯಾಕೆ ಅಂತ ಕೇಳುತ್ತಿದ್ದೇನೆ. ಓದು ಬರದ ಅಜ್ಜಿಗೆ ಮಳೆ ಸುದ್ದಿ, ರಾಗಿ ರೇಟು, ಎಲೆಕ್ಷನ್ ಫಲಿತಾಂಶ ಎಲ್ಲಾ ಬರುವುದು ಟಿವಿಯಿಂದಲೇ.

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳನ್ನು ಬದಲಿಸಿದರಲ್ಲ, ಅದರಲ್ಲಿ 32 ಇಂಚಿಗಿಂತ ದೊಡ್ಡ ಟಿವಿ ಸೆಟ್‌ಗೆ 28ರಿಂದ 18 ಆಯಿತು. ನೂರು ರೂಪಾಯಿವರೆಗಿನ ಸಿನಿಮಾ ಟಿಕೆಟ್‌ಗೆ 12ರಿಂದ 5. ಒಳ್ಳೆಯದೇ ಆಯಿತು. ಕೇಬಲ್, ಡಿಟಿಎಚ್ ಬಿಲ್ ಮಾತ್ರ 18ರಲ್ಲೇ ಉಳಿಯಿತು. ಅಂದರೆ ದೊಡ್ಡ ಟಿವಿ ಕೊಳ್ಳುವವನಿಗೆ ರಿಯಾಯಿತಿ, ಮನೆಯಲ್ಲಿರುವ ಹಳೇ ಟಿವಿಯನ್ನೇ ನೋಡಿಕೊಂಡು ಇರುವವನಿಗೆ ಏನೂ ಇಲ್ಲ. ಕೇಬಲ್ ಬಿಟ್ಟು ಮೊಬೈಲಲ್ಲಿ ನೋಡ್ತೀನಿ ಅಂದರೆ ರೀಚಾರ್ಜ್‌ಗೂ 18, ಒಟಿಟಿ ಚಂದಾಕ್ಕೂ 18. ತಿಂಗಳ ತೆರಿಗೆ ಬೇಡವೇ ಬೇಡ ಅನ್ನುವವರಿಗೆ ಉಳಿದಿರುವುದು ದೂರದರ್ಶನದ ಫ್ರೀ ಡಿಶ್. ಒಂದು ಸಲ ಡಿಶ್ ಮತ್ತು ಬಾಕ್ಸ್ ಕೊಂಡರೆ ಮುಗಿಯಿತು, ಚಂದನ ಬರುತ್ತದೆ. ಆದರೆ ಮನೆಯ ಹೆಂಗಸರು ದಿನಾ ಸಂಜೆ ನೋಡುವ ಖಾಸಗಿ ಚಾನೆಲ್‌ಗಳ ಧಾರಾವಾಹಿಗಳಿಗೆ ಅದು ಬದಲಿ ಆಗೋದಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಐಷಾರಾಮಿ ಪ್ಯಾಕ್‌ಗಳಿಗೆ, ಕ್ರೀಡಾ ಚಾನೆಲ್‌ಗಳಿಗೆ ಬೇಕಾದರೆ 18 ಇರಲಿ. ಕನೆಕ್ಷನ್ನಿನ ಮೂಲ ಶುಲ್ಕವನ್ನು ನೂರು ರೂಪಾಯಿ ಸಿನಿಮಾ ಟಿಕೆಟ್‌ನ ಸಾಲಿಗೆ, ಅಂದರೆ ಶೇ 5ಕ್ಕೆ ತರಬೇಕು. 130ಕ್ಕೆ 23.40 ಹೋಗಿ 6.50 ಆಗುತ್ತದೆ. ಜಿಎಸ್‌ಟಿ ದರ ತೀರ್ಮಾನಿಸುವ ಜಿಎಸ್‌ಟಿ ಕೌನ್ಸಿಲ್‌ನ ಮುಂದಿನ ಸಭೆಗೆ ಹೋಗುವ ನಮ್ಮ ರಾಜ್ಯದ ಪ್ರತಿನಿಧಿ ಇದನ್ನು ಎತ್ತಲಿ. ಬಿಲ್ ವಿಷಯಕ್ಕೆ ಮಾತ್ರ ಯಾವ ಕೌನ್ಸಿಲ್ಲೂ ಬೇಡ, ಕಾನೂನು ಈಗಲೇ ಇದೆ. ವಾಣಿಜ್ಯ ತೆರಿಗೆ ಇಲಾಖೆಯವರು ತಾಲ್ಲೂಕಿಗೆ ನಾಲ್ಕು ಹಳದಿ ಕಾರ್ಡು ತರಿಸಿಕೊಂಡು ನೋಡಿದರೆ ಸಾಕು.

ಇಂತಿ,
ಲೆಕ್ಕ ಬರೆಯುವ ಒಬ್ಬ ಓದುಗ, ತಿಪಟೂರು