ಟ್ರಿಮ್ ಚಕ್ರ ಬಿಗಿ ಅಂದ ಮಗಳಿಗೆ

ಪುಟ್ಟಿ,

ನಿನ್ನೆ ಫೋನಿನಲ್ಲಿ ಆಗಿದ್ದನ್ನ ಮತ್ತೆ ಬರೆಯೋಲ್ಲ. ಇಬ್ಬರಿಗೂ ಗೊತ್ತು. ದನಿ ಏರಿಸಿದ್ದು ಜಾಸ್ತಿಯಾಯ್ತು ಅಂತ ನಿಮ್ಮಮ್ಮ ಬೆಳಗಿನಿಂದ ಹೇಳ್ತಿದ್ದಾಳೆ, ಇರಬಹುದು. ಆದರೆ ಟ್ರಿಮ್, ಅಂದರೆ ಕೈಗೆ ಭಾರ ಬೀಳದಂತೆ ವಿಮಾನದ ಮೂಗನ್ನ ಬೇಕಾದ ಮಟ್ಟದಲ್ಲಿ ನಿಲ್ಲಿಸೋ ವ್ಯವಸ್ಥೆ, ಅದರ ವಿಷಯದಲ್ಲಿ ಆಡಿದ ಒಂದು ಮಾತನ್ನೂ ವಾಪಸ್ ತಗೊಳ್ಳಲ್ಲ.

“ಚಕ್ರ ಬಿಗಿ ಇತ್ತಪ್ಪ, ಜೋರಾಗಿ ತಿರುಗಿಸಿದೆ, ಸರಿಹೋಯ್ತು” ಅಂದೆ. ಏನು ಸರಿಹೋಯ್ತು? ನೀನು ಹಾರಾಟ ಕಲಿಯೋ ಸೆಸ್ನಾ 172ರಲ್ಲಿ ಆ ಚಕ್ರದಿಂದ ಚೈನು, ಚೈನಿನಿಂದ ಕೇಬಲ್, ಕೇಬಲ್ ಬಾಲದ ತನಕ ಹೋಗಿ ಆಕ್ಚುಯೇಟರ್‌ನ ಸ್ಕ್ರೂ ತಿರುಗಿಸಿ, ಬಾಲದಲ್ಲಿ ಮೂಗು ಏರಿಸಿ ಇಳಿಸೋ ಬಲಗಡೆ ಎಲಿವೇಟರ್‌ನ ಅಂಚಿನ ಸಣ್ಣ ಪಟ್ಟಿ, ಅಂದರೆ ಟ್ಯಾಬ್, ಆಡಿಸುತ್ತೆ. ಬಿಗಿ ಎಲ್ಲಾದರೂ ಇರಬಹುದು. ಹಳೇ ಗ್ರೀಸ್ ಗಟ್ಟಿಯಾಗಿರಬಹುದು. ಯಾರೋ ಪುಣ್ಯಾತ್ಮ ಜೋರು ನೀರು ಬಿಟ್ಟು ಬಾಲ ತೊಳೆದು, ಇದ್ದ ಗ್ರೀಸನ್ನೂ ಕಳೆದಿರಬಹುದು. ಪುಲ್ಲಿ ತಿರುಗದೆ ಕೇಬಲ್ ಅದರ ಮೇಲೆ ಉಜ್ಜುತ್ತಿರಬಹುದು. ಬಲ ಹಾಕಿದರೆ ಸ್ಪ್ರಾಕೆಟ್ಟಿನಿಂದ ಚೈನು ಹಾರಬಹುದು, ಇಲ್ಲವೇ ಟ್ಯಾಬ್ ಇನ್ನೂ ಕೆಟ್ಟ ಜಾಗದಲ್ಲಿ ಹೋಗಿ ಕೂರಬಹುದು.

2000ದ ಜನವರಿ 31ರಂದು ಅಲಾಸ್ಕಾ ಏರ್‌ಲೈನ್ಸ್ 261 ಕ್ಯಾಲಿಫೋರ್ನಿಯಾ ಹತ್ತಿರ ಸಮುದ್ರಕ್ಕೆ ಬಿತ್ತು. 88 ಜನ, ಒಬ್ಬರೂ ಉಳಿಯಲಿಲ್ಲ. ಬಾಲದ ಜ್ಯಾಕ್‌ಸ್ಕ್ರೂಗೆ ಗ್ರೀಸ್ ಸಾಲದೆ, ಅದು ಕೂರೋ ನಟ್ಟಿನ ಥ್ರೆಡ್ಡೇ ಸವೆದುಹೋಗಿತ್ತು. ಸಿಕ್ಕಿಕೊಂಡ ಟ್ರಿಮ್ ಬಿಡಿಸೋಕೆ ಪೈಲಟ್‌ಗಳು ನೋಡಿದರು. ಬಿಟ್ಟಿತು, ಮೂಗು ಕೆಳಗಾಯ್ತು. ಹೇಗೋ ಹಿಡಿದರು. ಸ್ವಲ್ಪ ಹೊತ್ತಿಗೆ ಪೂರ್ತಿ ಕಿತ್ತುಬಂತು.

ಅದು ಎಂಡಿ-83, ದೊಡ್ಡ ಜೆಟ್, ಅಲ್ಲಿ ಬಾಲದ ಅಡ್ಡ ರೆಕ್ಕೆ, ಇಡೀ ಸ್ಟೆಬಿಲೈಸರ್ರೇ ಅಲ್ಲಾಡುತ್ತೆ, ನನ್ನದರಲ್ಲಿ ಸಣ್ಣ ಟ್ಯಾಬ್ ಅಂತೀಯ. ಗೊತ್ತು ಕಣೆ, ಹ್ಯಾಂಗರಿನಲ್ಲೇ ತಲೆ ನೆರೆಸಿಕೊಂಡವನು ನಾನು. ನಿನ್ನದು ಸಿಕ್ಕಿಕೊಂಡರೆ ಸಾಮಾನ್ಯವಾಗಿ ಕೈಗೆ ಭಾರ, ಅಷ್ಟೆ. ಆದರೂ ಬಿಗಿಯಾದ ಚಕ್ರ ಅಂದರೆ ನನಗೆ ಆ ವಿಮಾನವೇ ಕಣ್ಣಿಗೆ ಕಟ್ಟುತ್ತೆ. ಬಿಟ್ಟಿತು ಅಂದುಕೊಂಡ ಆ ಗಳಿಗೆ ಇದೆಯಲ್ಲ, ಅದೇ ಹೋಗಲ್ಲ ತಲೆಯಿಂದ. ನೀನೂ ಹಾಗೇ ಅಂದುಕೊಂಡೆ.

ಮೇಲೆ ಹಾರುವಾಗ ಟ್ರಿಮ್ ಸಿಕ್ಕಿಕೊಂಡರೆ ಗುದ್ದಾಡಬೇಡ. ಆಟೋಪೈಲಟ್ ಹಿಡಿದಿದ್ದರೆ ಬಿಡಿಸು, ಎಲೆಕ್ಟ್ರಿಕ್ ಟ್ರಿಮ್‌ನ ಬ್ರೇಕರ್ ಎಳೆದು ಅದರ ಕರೆಂಟ್ ಕಡಿ. ಟ್ರಿಮ್ ಆಗಿದ್ದ ವೇಗದ ಆಸುಪಾಸಲ್ಲೇ ಇರು, ಟವರ್‌ಗೆ ಹೇಳು, ರನ್‌ವೇ ಕಡೆ ನೇರವಾಗಿ ಇಳಿದುಬರೋ ಕೊನೆಯ ದಾರಿ, ಅಂದರೆ ಫೈನಲ್, ಉದ್ದವಾಗಿರಲಿ ಅಂತ ಕೇಳು. ರೆಕ್ಕೆಯ ಹಿಂಬದಿಯ ಫ್ಲ್ಯಾಪ್ ಸ್ವಲ್ಪಸ್ವಲ್ಪವೇ ಇಳಿಸು, ಅದೂ ಎತ್ತರ ಇದ್ದಾಗಲೇ. ನೋಸ್-ಅಪ್‌ನಲ್ಲಿ ಸಿಕ್ಕಿಕೊಂಡಿದ್ದರೆ, ಇಳಿಯದೆ ಮತ್ತೆ ಮೇಲೇರೋ ಗೋ-ಅರೌಂಡ್‌ಗೆ ಪೂರ್ತಿ ಪವರ್ ಕೊಟ್ಟ ತಕ್ಷಣ ಮೂಗು ಎದ್ದುಬಿಡುತ್ತೆ, ಕೈಯಲ್ಲಿರೋ ಸ್ಟೀರಿಂಗು, ಯೋಕ್, ಬಲವಾಗಿ ಮುಂದಕ್ಕೆ ಒತ್ತಿ ಹಿಡಿ. ನೋಡು, ಪಾಠ ಮಾಡಲ್ಲ ಅಂತ ಕೂತವನು ಮತ್ತೆ ಶುರು ಮಾಡಿದೆ.

ಕೈಗೆ ಬಿಗಿ ತಿಳೀತಲ್ಲ, ಅದಕ್ಕೆ ಹೆಮ್ಮೆ. ಎಷ್ಟೋ ಜನಕ್ಕೆ ಅದೂ ತಿಳಿಯಲ್ಲ. ಹಾಗೆ ತಿಳಿದವಳು ಸ್ನ್ಯಾಗ್, ಅಂದರೆ ದೋಷದ ವರದಿ, ಬರೆಯೋಕೆ ಯಾಕೆ ಹಿಂಜರಿದೆ? ವಿಮಾನ ನಿಲ್ಲುತ್ತೆ, ನಿನ್ನ ಒಂಟಿ ಹಾರಾಟ, ಸೊಲೊ, ಮುಂದಕ್ಕೆ ಹೋಗುತ್ತೆ, ಜೊತೆಯವರು ಬೈತಾರೆ. ಬೈಲಿ. ಸಿಪಿಎಲ್‌ಗೆ (ಕಮರ್ಷಿಯಲ್ ಪೈಲಟ್ ಲೈಸೆನ್ಸು) 200 ಗಂಟೆ ಹಾರಾಟ ಬೇಕು ನಿಜ, ಅದು ಈ ತಿಂಗಳೇ ಮುಗೀಬೇಕು ಅಂತ ಯಾರೂ ಹೇಳಿಲ್ಲ.

ರಿಪೇರಿ ಆಯ್ತು ಅಂದಮೇಲೂ ಸೀಟಿನಲ್ಲಿ ಕೂತೇ ನಂಬಬೇಡ. ಚಕ್ರವನ್ನ ನೋಸ್-ಅಪ್ ಕಡೆ ತಿರುಗಿಸಿ ಇಳಿದು ಹೋಗಿ ನೋಡು, ಟ್ಯಾಬ್ ಕೆಳಗೆ ಹೋಗಿರಬೇಕು. ಮೇಲೆ ಹೋಗಿದ್ದರೆ ಕೇಬಲ್ ಅದಲುಬದಲು ಆಗಿದೆ ಅಂತಲೇ. ಎರಡು ಕೊನೆಯವರೆಗೂ ತಿರುಗಿಸು. ಚಕ್ರದ ಪಕ್ಕದ ಟೇಕಾಫ್ ಗುರುತಿಗೆ ತಂದು ಮತ್ತೊಮ್ಮೆ ನೋಡು.

ನಾಳೆ ಬೆಳಿಗ್ಗೆ ಮೊದಲು ವಿಮಾನದ ದೋಷ ದಾಖಲಿಸೋ ಟೆಕ್ ಲಾಗ್‌ನಲ್ಲಿ ಬರಿ. ಆ ಪುಟದ ಫೋಟೊ ನನಗೆ ಕಳಿಸು, ನಿಮ್ಮಮ್ಮನಿಗೆ ಬೇಡ. ಹೆಚ್ಚಿಗೆ ಉಳಿಯಬೇಕಾದರೆ ಇರಲಿ ಅಂತ ಹಾಸ್ಟೆಲ್ ದುಡ್ಡು ಹಾಕಿದ್ದೀನಿ.

ಅಪ್ಪ